ಭತ್ತಕ್ಕೆ ಡ್ರೋನ್‌ನಲ್ಲಿ ಎಣ್ಣೆ ಹೊಡೆಸಿದೆವು: ಸಿಂಧನೂರು ಕಡೆಯವರಿಗೆ ಒಂದು ವರದಿ

ಎಕರೆಗೆ 500 ರೂಪಾಯಿ. ಔಷಧಿ (ನಮ್ಮ ಕಡೆ ಎಣ್ಣೆ ಅನ್ನುವುದು) ನಮ್ಮದು, ನೀರೂ ನಮ್ಮದು. ಪಕ್ಕದ ಊರಿನ ಮಹಿಳಾ ಸಂಘದ ಡ್ರೋನನ್ನು ಈ ಮುಂಗಾರಿನ ಭತ್ತಕ್ಕೆ ಕರೆಸಿದ್ದೆವು. ಹೇಗಿತ್ತು ಅಂತ ಸಂತೆಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅವಸರದಲ್ಲಿ ಇರುವವರಿಗೆ ಇಷ್ಟು ಸಾಕು: ಎಲೆ, ತೆನೆಯ ಕುತ್ತಿಗೆ ಒಣಗಿಸುವ ಬೆಂಕಿ ರೋಗಕ್ಕೆ ಧೈರ್ಯವಾಗಿ ಕರೆಸಿ, ಬುಡದಲ್ಲಿ ಕೂತು ರಸ ಹೀರುವ ಜಿಗಿಹುಳಕ್ಕೆ ಕರೆಸಬೇಡಿ.

ಹಾರಿಸುವವಳು ಸಂಘದ ಒಬ್ಬ ಹೆಣ್ಣುಮಗಳು. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಬಂದ ಡ್ರೋನ್ ಅದು. 2023ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಯೋಜನೆ, ದೇಶದಲ್ಲಿ 15,000 ಸಂಘಗಳಿಗೆ ಕೊಡಬೇಕು ಅಂತ ಲೆಕ್ಕ. ಬೆಲೆಯಲ್ಲಿ ನೂರಕ್ಕೆ 80 ಭಾಗ ಸಬ್ಸಿಡಿ, ಹೆಚ್ಚೆಂದರೆ 8 ಲಕ್ಷ. ತರಬೇತಿ 15 ದಿನ. ಅದರಲ್ಲಿ ಹಾರಿಸುವುದು 5 ದಿನ, ಬೆಳೆ ಮತ್ತು ಔಷಧಿಯ ವಿಷಯ 10 ದಿನ. ಹಾರಿಸುವುದಕ್ಕಿಂತ ಬೆಳೆಯ ಪಾಠಕ್ಕೆ ಎರಡು ಪಟ್ಟು ದಿನ ಯಾಕೆ ಇಟ್ಟರು ಎಂಬುದು ಆಕೆ ಕೆಲಸ ಮಾಡುವುದನ್ನು ನೋಡಿದ ಮೇಲೆ ಗೊತ್ತಾಯಿತು.

ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದವಳು ಬಂದಾಗ ಹನ್ನೊಂದು ದಾಟಿತ್ತು. ನಾವು ಡ್ರಮ್ಮಿಗೆ ನೀರು ತುಂಬಿ ಕಾಯುತ್ತಿದ್ದೆವು. ಪೆಟ್ಟಿಗೆಯಿಂದ ಮೊದಲು ಹೊರಗೆ ಬಂದದ್ದು ಡ್ರೋನ್ ಅಲ್ಲ, ಅಂಗೈ ಅಗಲದ ಗಾಳಿ ಅಳೆಯುವ ಯಂತ್ರ. ಬದುವಿನ ಮೇಲೆ ನಿಂತು ಹಿಡಿದಳು, ನೋಡಿದಳು, ಮತ್ತೆ ಹಿಡಿದಳು. “ಅಣ್ಣಾ, ಇವತ್ತು ಬ್ಯಾಡ. ಗಾಳಿ ಭಾಳ ಅದ. ನಾಳೆ ಆರಕ್ಕ ಬರ್ತೀನಿ” ಎಂದು ಪೆಟ್ಟಿಗೆ ಮುಚ್ಚಿದಳು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹೋದ ವರ್ಷ ನಮ್ಮ ಗದ್ದೆಗೇ ಬಂದಿದ್ದ ಒಬ್ಬ ಖಾಸಗಿಯವರು ಇಂಥದ್ದೇ ಗಾಳಿಯಲ್ಲಿ “ಏನೂ ಆಗಲ್ಲ” ಎಂದು ಹಾರಿಸಿದ್ದರು. ಹದಿನೈದು ದಿನಕ್ಕೆ ಗದ್ದೆ ಪಟ್ಟೆ ಪಟ್ಟೆಯಾಗಿ ಕಂಡಿತು. ಔಷಧಿ ಬಿದ್ದ ಕಡೆ ಹಸಿರು, ಬೀಳದ ಕಡೆ ಕೆಂಪು. ಅದನ್ನು ನೆನೆದು ಸುಮ್ಮನಾದೆ. ಮರುದಿನ ಆರಕ್ಕೆ ಸರಿಯಾಗಿ ಬಂದಳು.

ಕೆಲಸ ಹೀಗೆ. ರಿಮೋಟ್ ಹಿಡಿದು ಗದ್ದೆಯ ಸುತ್ತ ನಡೆದು ಮೂಲೆ ಮೂಲೆ ಗುರುತು ಹಾಕುತ್ತಾಳೆ. ಕರೆಂಟ್ ಕಂಬ, ತಂತಿ, ಬೇವಿನ ಮರ ಎಲ್ಲಿವೆ ಅಂತ ನೋಡಿ ಅಷ್ಟು ಜಾಗ ಬಿಡುತ್ತಾಳೆ. ಡ್ರೋನ್‌ಗೆ ಎಷ್ಟು ಉಪಗ್ರಹಗಳ ಸಿಗ್ನಲ್ ಸಿಕ್ಕಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ, ಸಾಕಷ್ಟು ಸಿಗುವ ತನಕ ಎಬ್ಬಿಸುವುದಿಲ್ಲ. ನನ್ನ ಮಗ ಇದನ್ನೇ ಹಿಡಿದು, ಜಿಪಿಎಸ್ ಥರದ್ದೇ ನಮ್ಮ ಇಸ್ರೋದ ನಾವಿಕ್ ಬಳಸಲ್ವಾ ಎಂದು ಕೇಳಿದ. ಇದು ಜಿಪಿಎಸ್ ಎಂದಳು. ನಾವಿಕ್ ಕಥೆ ಪೇಪರ್ ಓದುವವರಿಗೆ ಗೊತ್ತೇ ಇದೆ. 2025ರ ಜನವರಿಯಲ್ಲಿ ನಾವಿಕ್‌ನ ಉಪಗ್ರಹ ಎನ್‌ವಿಎಸ್-02 ಹೋಯಿತು, ಅದು ಶ್ರೀಹರಿಕೋಟಾದ ನೂರನೇ ಉಡಾವಣೆ. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು. ಉಪಗ್ರಹದ ಎಂಜಿನ್‌ನ ವಾಲ್ವ್ ತೆರೆಯಲಿಲ್ಲ, ಹೋಗಬೇಕಾದ ಕಕ್ಷೆಗೆ ಅದು ಹೋಗಲೇ ಇಲ್ಲ. ಸಣ್ಣ ವಾಲ್ವ್ ಎಷ್ಟು ಕಾಡುತ್ತದೆ ಅಂತ ನಮಗೂ ಗೊತ್ತಿದೆ, ಕಾಲುವೆ ನೀರಿನ ಕೆಸರು ಕೂತರೆ ಔಷಧಿ ಚಿಮ್ಮುವ ಡ್ರೋನಿನ ನಾಜಲ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ನೀರನ್ನು ಎರಡು ಸಲ ಬಟ್ಟೆಯಲ್ಲಿ ಸೋಸಬೇಕು. ಬೋರಿನ ನೀರು ಇದ್ದರೆ ಅದೇ ಇಡಿ.

ಬಹಳ ಜನ ಎಡವುವುದು ಔಷಧಿಯ ಅಳತೆಯಲ್ಲಿ. ಬೆನ್ನಿಗೆ ಹಾಕುವ ಟ್ಯಾಂಕಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಹೋಗುತ್ತದೆ. ಡ್ರೋನ್‌ಗೆ 10 ಲೀಟರ್. ನೀರು ಕಡಿಮೆ ಆಯಿತು ಅಂತ ಔಷಧಿಯನ್ನೂ ಕಡಿಮೆ ಮಾಡಿದರೆ ರೋಗ ನಗುತ್ತದೆ. ಎಕರೆಗೆ ಎಷ್ಟು ಔಷಧಿಯೋ ಅಷ್ಟೂ ಆ 10 ಲೀಟರಿನಲ್ಲೇ ಹೋಗಬೇಕು. ಅಂದರೆ ದ್ರಾವಣ ತುಂಬಾ ಗಟ್ಟಿ. ಕೈಗೆ ಗ್ಲೌಸ್ ಇಲ್ಲದೆ ಕಲಸಲು ಆಕೆ ಬಿಡಲಿಲ್ಲ. ಪುಡಿ ಔಷಧಿಯಾದರೆ ಬಕೆಟ್‌ನಲ್ಲಿ ಮೊದಲೇ ಚೆನ್ನಾಗಿ ಕರಗಿಸಿಟ್ಟುಕೊಳ್ಳಿ.

ಒಂದು ಟ್ಯಾಂಕ್ ಅಂದರೆ ಒಂದು ಎಕರೆ, ಏಳೆಂಟು ನಿಮಿಷ. ತೆನೆ ಹೊರಡುವ ಹೊತ್ತಿನ ಗದ್ದೆಯಲ್ಲಿ ಆಳು ಇಳಿದರೆ ಎಷ್ಟು ಬೆಳೆ ತುಳಿದು ಹೋಗುತ್ತದೆ ಅಂತ ಭತ್ತ ಮಾಡಿದವರಿಗೆ ಹೇಳಬೇಕಾಗಿಲ್ಲ. ಮೊಣಕಾಲು ಕೆಸರು, ಹಾವಿನ ಭಯ, ರಾತ್ರಿ ತಲೆನೋವು ಬೇರೆ. ಬೆಂಕಿ ರೋಗ ಬಂದ ವಾರ ಎಲ್ಲರಿಗೂ ಒಂದೇ ದಿನ ಆಳು ಬೇಕು, ಯಾರಿಗೂ ಸಿಗುವುದಿಲ್ಲ. ಬೆಳಿಗ್ಗೆ ಒಂಬತ್ತಾದ ಮೇಲೆ ಹೂವು ಬಿಚ್ಚುತ್ತದೆ, ಅಷ್ಟರೊಳಗೆ ಮುಗಿಯಬೇಕು. ಮುಗಿಯಿತು. ಈ ಸಲ ಕುತ್ತಿಗೆ ಬೆಂಕಿ ರೋಗ ನಮ್ಮ ಗದ್ದೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕಾಣಲಿಲ್ಲ.

ಈಗ ಜಿಗಿಹುಳದ ಮಾತು, ಕ್ಯಾಂಪ್‌ಗಳಲ್ಲಿ ನೆಲೆಸಿದ ತೆಲುಗಿನವರು ದೋಮ ಅನ್ನುವುದು. ಅದಕ್ಕೂ ಹೊಡೆದುಕೊಡು ಎಂದು ಆಮೇಲೆ ಫೋನ್ ಮಾಡಿದೆ. ಬರಲು ಒಪ್ಪಲಿಲ್ಲ. ಆ ಹುಳ ಇರುವುದು ಗಿಡದ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಡ್ರೋನ್ ಹೊಡೆಯುವುದು ಮೇಲಿನಿಂದ. ರೆಕ್ಕೆಯ ಗಾಳಿ ಎಲೆಗಳನ್ನು ಸ್ವಲ್ಪ ಸರಿಸುತ್ತದೆ, ನಿಜ. ಆದರೆ ದಟ್ಟ ಬೆಳೆಯಲ್ಲಿ ಎಕರೆಗೆ 10 ಲೀಟರ್ ಮಂಜು ಬುಡದ ತನಕ ಇಳಿಯುವುದಿಲ್ಲ. ಗದ್ದೆಯ ನೀರು ಬಸಿದು, ಬೆಳೆಯನ್ನು ಸಾಲು ಬಿಟ್ಟು ಸರಿಸಿ, ಆಳಿನಿಂದ ಬುಡಕ್ಕೇ ಹೊಡೆಸಿ ಎಂದಳು. ಹಾಗೇ ಮಾಡಿದೆವು. ಬರುವ ದುಡ್ಡು ಬೇಡ ಎನ್ನುವ ಬಾಡಿಗೆಯವರನ್ನು ನಾನು ಜಾಸ್ತಿ ನೋಡಿಲ್ಲ.

ಬ್ಯಾಟರಿ ಬದಲಿಸುವಾಗ ಪಕ್ಕದ ಗದ್ದೆಯ ತಾತ ಬಂದು ದೂರದಲ್ಲೇ ನಿಂತ. “ಇದು ಟಿವ್ಯಾಗ ತೋರ್ಸಿದ್ದಲ್ಲೇನವ್ವಾ, ಬಾಂಬ್ ಒಗಿಯೂದು?” ಎಂದ. “ಬಾಂಬ್ ಅಲ್ಲ ತಾತ, ಎಣ್ಣಿ” ಎಂದು ನಕ್ಕಳು. ತಾತನ ಪ್ರಶ್ನೆ ದಡ್ಡತನದ್ದೇನೂ ಅಲ್ಲ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ಕಳಿಸಿತು ಎಂದು ನಮ್ಮ ಸರ್ಕಾರವೇ ಹೇಳಿತ್ತು. ಯುದ್ಧದ ಸಣ್ಣ ಡ್ರೋನ್‌ಗಳಲ್ಲೂ ಮೋಟರು, ಲಿಥಿಯಂ ಬ್ಯಾಟರಿ, ಜಿಪಿಎಸ್ ಇವೇ ಇರುತ್ತವೆ. ಹೊರುವ ಸಾಮಾನು ಬೇರೆ. 2022ರ ಫೆಬ್ರವರಿಯಿಂದ ಹೊರದೇಶದ ಪೂರ್ತಿ ಡ್ರೋನ್ ತರಿಸುವಂತಿಲ್ಲ, ಬಿಡಿಭಾಗ ತರಬಹುದು. ಆ ಬಿಡಿಭಾಗದಲ್ಲೇ ಇರುವುದು ತಕರಾರು. ಚೀನಾ ಭಾಗಗಳ ಕಾರಣಕ್ಕೆ ಸೇನೆಗೆ ಬರಬೇಕಿದ್ದ 400 ಡ್ರೋನ್‌ಗಳ ಒಪ್ಪಂದವನ್ನು 2025ರಲ್ಲಿ ರದ್ದು ಮಾಡಿದರು. ನಮ್ಮ ಭತ್ತಕ್ಕೆ ಅಷ್ಟು ಚಿಂತೆ ಇಲ್ಲ. ಆದರೂ ರೆಕ್ಕೆ ಮುರಿದರೆ ಬೇಗ ಸಿಗಬೇಕಲ್ಲ. ನಡುವೆ ಒಮ್ಮೆ ಮುರಿದು, ಬಿಡಿಭಾಗ ಬರುವ ತನಕ ಸುತ್ತಿನ ಊರಿನವರೆಲ್ಲ ಕಾದರು.

ಬಿದ್ದರೆ ಏನು ಗತಿ ಎಂದೂ ಕೇಳಿದೆ. 2023ರ ಆಗಸ್ಟ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಪಸ್ ಎಂಬ ದೊಡ್ಡ ಡ್ರೋನೇ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿದ್ದಿತ್ತು. ತನ್ನ ಡ್ರೋನ್‌ಗೆ ವಿಮೆ ಇದೆ ಎಂದು ಕಾಗದ ತೋರಿಸಿದಳು. ಪೈಲಟ್ ಸರ್ಟಿಫಿಕೇಟ್ ಕೂಡ ತೋರಿಸಿದಳು. ಯಾರನ್ನೇ ಕರೆಸಿ, ಈ ಎರಡನ್ನು ಕೇಳಿ ನೋಡಿ. ಮುಖ ಸಿಂಡರಿಸಿದರೆ ವಾಪಸ್ ಕಳಿಸಿ.

ನನ್ನ ತಕರಾರುಗಳೂ ಇವೆ. ತಂತಿಯ ಕೆಳಗೆ, ಮರದ ಸುತ್ತ ಬಿಟ್ಟ ಜಾಗಕ್ಕೆ ನಾವೇ ಆಮೇಲೆ ಆಳಿನಿಂದ ಹೊಡೆಸಿದೆವು. ದುಡ್ಡು ಮಾತ್ರ ಪೂರ್ತಿ ಎಕರೆಯದ್ದೇ ತೆಗೆದುಕೊಂಡರು. ಇದು ಸರಿಯಲ್ಲ. ದೊಡ್ಡ ಗದ್ದೆಯವರಿಗೆ ಮೊದಲು ಹೋಗುತ್ತಾರೆ, ಎರಡು ಮೂರು ಎಕರೆಯವರು ಕಾಯಬೇಕು. ದಿನಕ್ಕೆ 20 ಎಕರೆ ಎಂದು ಕಾಗದದಲ್ಲಿದೆ. ಆದರೆ ಬಿಸಿಲಿಗೆ ಬ್ಯಾಟರಿ ಕಾದರೆ ಚಾರ್ಜಿಗೆ ಹಾಕುವಂತಿಲ್ಲ, ಆರುವ ತನಕ ಎಲ್ಲರೂ ನೆರಳಿನಲ್ಲಿ ಕೂರಬೇಕು. ರಸೀದಿ ಕೇಳಿದ ಮೇಲೆ ಕೊಟ್ಟರು, ಅದೂ ಎರಡು ದಿನ ಬಿಟ್ಟು.

ಐದಕ್ಕೆ ನಾಲ್ಕು ಕೊಡುತ್ತೇನೆ. ಖಾಲಿ ಬಿಟ್ಟ ಜಾಗದ ದುಡ್ಡು ಕಳೆದು ಲೆಕ್ಕ ಹಾಕಿದ್ದರೆ ಐದೂ ಕೊಡುತ್ತಿದ್ದೆ.

ತುಂಗಭದ್ರಾ ಡ್ಯಾಂ ಗೇಟ್ ಬದಲಿಸುವ ಕೆಲಸದಿಂದ ಈ ಸಲ ಎರಡನೇ ಬೆಳೆಗೆ ನೀರಿಲ್ಲ. ಭತ್ತದ ಬುಕಿಂಗ್ ಇಲ್ಲದೆ ಸಂಘದವರು ಈಗ ಮಸ್ಕಿ, ಲಿಂಗಸುಗೂರು ಕಡೆಯ ಕಡಲೆಗೆ ಹೋಗುತ್ತಿದ್ದಾರೆ, ಕಾಯಿಕೊರಕಕ್ಕೆ. ಆ ಕಡೆಯವರಿಗೆ ಬೇಕಿದ್ದರೆ ನಿಮ್ಮ ಪಂಚಾಯಿತಿಯ ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಕೇಳಿ. ಎರಡು ಮೂರು ದಿನ ಮೊದಲೇ ಹೇಳಬೇಕು. ಬೆಳಗಿನ ಆರರ ಸರದಿಯನ್ನೇ ಕೇಳಿ ಹಿಡಿಯಿರಿ.