ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಆಟಕ್ಕೆ: ನಮ್ಮ ಹಿತ್ತಲಿನ ಡಿಸ್ಕ್ ಸೆಟ್

ಮೇ ಕೊನೆಯಲ್ಲಿ, ಮೆಮೋರಿಯಲ್ ಡೇ ರಜೆಗೆ ಸರಿಯಾಗಿ, ಡಿಸ್ಕ್ ಎಸೆದು ಕೋಲಿನ ಮೇಲಿನ ಬಾಟಲಿ ಬೀಳಿಸುವ ಆಟದ ಈ ಸೆಟ್ ತರಿಸಿದೆ. ಬೆಲೆ 40 ಡಾಲರ್‌ಗಿಂತ ಸ್ವಲ್ಪ ಕಡಿಮೆ. ಈಗ ಬೇಸಿಗೆ ಮುಗಿಯುತ್ತಾ ಬಂತು. ಹದಿನೈದು ಸಂಜೆಯಾದರೂ ಆಡಿದ್ದೇವೆ. ಹಾಗಾಗಿ ಇದರ ಒಳ್ಳೆಯದು, ಕೆಟ್ಟದ್ದು ಎರಡೂ ಧೈರ್ಯವಾಗಿ ಹೇಳಬಲ್ಲೆ.

ಆಟಕ್ಕೆ ಅಮೆರಿಕದಲ್ಲಿ ಹಲವು ಹೆಸರು. ಪೋಲಿಷ್ ಹಾರ್ಸ್‌ಶೂಸ್ ಅಂತಾರೆ, ಫ್ರಿಸ್ಬೀರ್ ಅಂತಾರೆ, ಬೀರ್ಸ್‌ಬೀ ಅಂತಲೂ ಅಂತಾರೆ. ಕಾಲೇಜು ಹುಡುಗರು ಎರಡು ಸ್ಕೀ ಕೋಲು ನೆಲಕ್ಕೆ ಚುಚ್ಚಿ, ಮೇಲೆ ಖಾಲಿ ಬಿಯರ್ ಬಾಟಲಿ ಇಟ್ಟು ಆಡುವ ಆಟವೇ ಇದು. ಪೆಟ್ಟಿಗೆಯಲ್ಲಿ ಬರುವುದು ಎದೆಮಟ್ಟದ ಎರಡು ಕೋಲು, ನೆಲಕ್ಕೆ ಚುಚ್ಚಲು ಎರಡು ಮೊಳೆ, ಎರಡು ಪ್ಲಾಸ್ಟಿಕ್ ಬಾಟಲಿ, ಒಂದು ಡಿಸ್ಕ್. ಪೆಟ್ಟಿಗೆಯ ಮೇಲೆ ‘ಫ್ಲೈಯಿಂಗ್ ಡಿಸ್ಕ್’ ಅಂತಿದೆ, ಫ್ರಿಸ್ಬೀ ಅಂತ ಇಲ್ಲ. ಆ ಹೆಸರು ವ್ಯಾಮ್-ಓ ಕಂಪನಿಯ ಸ್ವತ್ತು, ಬೇರೆಯವರು ಬಳಸುವ ಹಾಗಿಲ್ಲ.

ಆಡುವುದು ಹೀಗೆ. ಒಂದೊಂದು ಕಡೆ ಇಬ್ಬರು. ಇಬ್ಬರೂ ತಮ್ಮ ಕೋಲಿನ ಹಿಂದೆ ನಿಲ್ಲಬೇಕು. ಎದುರಿನ ಬಾಟಲಿ ಬೀಳುವ ಹಾಗೆ ಡಿಸ್ಕ್ ಎಸೆಯಬೇಕು. ಬಾಟಲಿಗೇ ಹೊಡೆಯಬಹುದು, ಕೋಲಿಗೆ ಹೊಡೆದು ಅಲುಗಿಸಿಯೂ ಬೀಳಿಸಬಹುದು. ಆ ಕಡೆಯವರು ಬಾಟಲಿಯನ್ನೂ ಹಿಡಿಯಬೇಕು, ಡಿಸ್ಕನ್ನೂ ಹಿಡಿಯಬೇಕು. ಬಾಟಲಿ ನೆಲ ಮುಟ್ಟಿದರೆ ಎಸೆದವರಿಗೆ 2 ಪಾಯಿಂಟ್, ಡಿಸ್ಕ್ ಬಿಟ್ಟರೆ 1. ಎರಡೂ ಹಿಡಿದರೆ ಏನೂ ಇಲ್ಲ. 21 ಆದವರು ಗೆದ್ದ ಹಾಗೆ, ಆದರೆ 2 ಪಾಯಿಂಟ್ ಮುಂದಿರಬೇಕು.

ಇನ್ನೊಂದು ನಿಯಮ ಇದೆ. ಆಟ ಮುಗಿಯುವವರೆಗೂ ಒಂದು ಕೈಯಲ್ಲಿ ಕುಡಿಯುವುದನ್ನು ಹಿಡಿದೇ ಇರಬೇಕು. ಎಸೆಯುವುದು, ಹಿಡಿಯುವುದು ಎಲ್ಲ ಇನ್ನೊಂದೇ ಕೈಯಲ್ಲಿ. ನನಗೆ ಈ ಆಟ ಇಷ್ಟವಾದದ್ದೇ ಇದರಿಂದ. ಬೇರೆ ಕುಡಿತದ ಆಟಗಳಲ್ಲಿ ಸೋತವನು ಗಟಗಟ ಕುಡಿಯಬೇಕು, ಕುಡಿದವನು ಇನ್ನೂ ಸೋಲುತ್ತಾನೆ. ಇಲ್ಲಿ ಕುಡಿಯುವುದು ಶಿಕ್ಷೆಯಲ್ಲ. ನಿಮ್ಮ ಪಾಡಿಗೆ ಒಂದೊಂದು ಗುಟುಕು. ಲೋಟ ಇರುವುದು ಕೈ ಕಟ್ಟಿಹಾಕುವುದಕ್ಕೆ ಅಷ್ಟೇ. ಅದರಲ್ಲಿ ಏನಿದ್ದರೂ ಆಟ ಒಂದೇ.

ಜೂನ್‌ನಲ್ಲಿ ಹಾಸನದಿಂದ ಅಪ್ಪ ಬಂದಿದ್ದರು. ಅಪ್ಪನ ಎದುರು ನಾನು ಕುಡಿಯುವುದಿಲ್ಲ, ಹಾಗಾಗಿ ನನ್ನ ಕೈಯಲ್ಲಿ ವರ್ನರ್ಸ್ ಜಿಂಜರ್ ಏಲ್. ಅದು ನಮ್ಮ ಪಕ್ಕದ ಡೆಟ್ರಾಯಿಟ್‌ನಲ್ಲೇ ಹುಟ್ಟಿದ, ಮದ್ಯವಿಲ್ಲದ ಪಾನೀಯ, ಶುಂಠಿಯ ಖಾರ ಚೆನ್ನಾಗಿರುತ್ತದೆ. ಅಪ್ಪನಿಗೆ ಮಜ್ಜಿಗೆ, ಸ್ಟೀಲ್ ಲೋಟದಲ್ಲಿ. ನಾವಿರುವ ಮಿಷಿಗನ್‌ನ ನೋವೈ ಊರಿನಲ್ಲಿ ಆ ತಿಂಗಳು ರಾತ್ರಿ 9 ಗಂಟೆಗೂ ಬೆಳಕಿರುತ್ತದೆ. ಮೊದಲ ದಿನ ಸುಮ್ನೆ ಕುರ್ಚಿಯಲ್ಲಿ ಕೂತು ನೋಡಿದರು. ಎರಡನೇ ದಿನ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಹೆಂಡತಿಯ ಜೊತೆ ನಿಂತರು.

ನಾನು ಎಸೆದ ಡಿಸ್ಕ್ ಕೋಲಿಗೆ ಟಕ್ ಎಂದು ಬಡಿಯಿತು. ಬಾಟಲಿ ಮೊದಲು ಅತ್ತಿತ್ತ ತೂಗಿತು, ಆಮೇಲೆ ತಲೆಕೆಳಗಾಗಿ ಬಿತ್ತು. ಅಪ್ಪ ಮೊಣಕಾಲು ಬಗ್ಗಿಸಿ, ಎಡಗೈ ಲೋಟವನ್ನು ನೆಟ್ಟಗೆ ಹಿಡಿದೇ, ಹುಲ್ಲಿಗೆ ಇನ್ನು ಒಂದು ಗೇಣು ಇರುವಾಗ ಬಲಗೈಯಲ್ಲಿ ಬಾಟಲಿಯ ಕುತ್ತಿಗೆ ಹಿಡಿದರು. ಡಿಸ್ಕನ್ನು ನನ್ನ ಹೆಂಡತಿ ಹಿಡಿದಳು. "ಚಿನ್ನಿ ಹಿಡಿದಂಗೇ ಕಣೋ, ಚಿನ್ನಿ ನೋಡ್ಬೇಕು, ದಾಂಡು ನೋಡ್ಬಾರ್ದು" ಅಂದರು. ಚಿನ್ನಿದಾಂಡು ಆಡಿದ ಕೈ ಅದು. ಮಜ್ಜಿಗೆ ಒಂದು ಹನಿ ಚೆಲ್ಲಿರಲಿಲ್ಲ. ಅವತ್ತು ನಾವು 21-14ರಲ್ಲಿ ಸೋತೆವು. ಊರಿಗೆ ಹೋಗುವವರೆಗೂ ಸಂಜೆಯಾದರೆ "ಕೋಲು ನೆಡಲ್ವೇನೋ?" ಅಂತ ಅವರೇ ಕೇಳುತ್ತಿದ್ದರು.

ಈಗ ಕೊರತೆಗಳು. ಕೋಲು ಮೂರು ತುಂಡು, ತಿರುಗಿಸಿ ಸೇರಿಸಬೇಕು. ನಾಲ್ಕೈದು ಪೆಟ್ಟು ಬಿದ್ದರೆ ಮಧ್ಯದ ಜೋಡಣೆ ಸಡಿಲವಾಗುತ್ತದೆ. ಮೊಳೆಯದ್ದು ಇನ್ನೂ ಬೇಸರ. ನಮ್ಮ ಹಿತ್ತಲಿನದು ಜೇಡಿಮಣ್ಣು. ಜುಲೈ ಬಿಸಿಲಿಗೆ ಕಲ್ಲಿನಂತಾಗಿತ್ತು. ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟೆ, ಒಂದು ಮೊಳೆ ಬಾಗಿಯೇ ಹೋಯಿತು. ಬೇರೆ ಕೊಡಿ ಅಂತ ಎರಡು ಸಲ ಬರೆದರೂ ಮಾರಿದವರಿಂದ ಉತ್ತರ ಬರಲಿಲ್ಲ. ಈಗ ಹಿಂದಿನ ದಿನವೇ ಆ ಜಾಗಕ್ಕೆ ನೀರು ಬಿಡುತ್ತೇನೆ. ಖಾಲಿ ಬಾಟಲಿ ಗಾಳಿಗೇ ಬೀಳುತ್ತಿತ್ತು, ಎರಡು ಬೆರಳಿನಷ್ಟು ನೀರು ತುಂಬಿದ ಮೇಲೆ ನಿಂತಿದೆ. ಡಿಸ್ಕ್ ತುಂಬಾ ಹಗುರ, ಗಾಳಿ ಬಂದರೆ ಪಕ್ಕದ ಮನೆ ಬೇಲಿಗೆ ಹೋಗುತ್ತದೆ. ಅಲ್ಟಿಮೇಟ್ ಅನ್ನುವ, ತಂಡ ಕಟ್ಟಿ ಆಡುವ ಡಿಸ್ಕ್ ಆಟದವರು ಬಳಸುವ 175 ಗ್ರಾಂ ಡಿಸ್ಕ್ ಹಾಕಿ ನೋಡಿದೆ. ನೇರವಾಗಿ ಹೋಗುತ್ತದೆ, ಆದರೆ ಒಂದೇ ಕೈಯಲ್ಲಿ ಹಿಡಿದರೆ ಬೆರಳು ಚುರುಗುಟ್ಟುತ್ತದೆ. ಮಕ್ಕಳಿದ್ದರೆ ಹಗುರದ್ದೇ ಇರಲಿ.

ನಿಯಮದ ಹಾಳೆಯಲ್ಲಿ ಒಂದು ದೊಡ್ಡ ಗೊಂದಲ ಇದೆ. ಹಿಡಿಯಲು ಸಾಧ್ಯವಿರುವ ಎಸೆತಕ್ಕೆ ಮಾತ್ರ ಪಾಯಿಂಟ್ ಅನ್ನುತ್ತದೆ, ಯಾವುದು ಸಾಧ್ಯ ಅನ್ನುವುದಿಲ್ಲ. ಮೊದಲ ವಾರ ಇದಕ್ಕೇ ಜಗಳ. ಈಗ ನಮ್ಮ ಮನೆಯ ನಿಯಮ ಮಾಡಿಕೊಂಡಿದ್ದೇವೆ: ಡಿಸ್ಕ್ ಮೊಣಕಾಲಿಗಿಂತ ಮೇಲೆ ಬರಬೇಕು, ಒಂದು ಹೆಜ್ಜೆ ಇಟ್ಟು ಕೈ ಚಾಚಿದರೆ ಸಿಗಬೇಕು. ಕೋಲುಗಳ ನಡುವೆ 25 ಅಡಿ. 40 ಅಡಿವರೆಗೂ ಆಡುವವರಿದ್ದಾರೆ, ಅಲ್ಲಿಂದ ಬಾಟಲಿಗೆ ತಾಗಿಸುವುದೇ ಕಷ್ಟ, ಹಿಡಿಯುವ ಖುಷಿ ಕಡಿಮೆಯಾಗುತ್ತದೆ.

ಇನ್ನೆರಡು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಗಾಜಿನ ಬಾಟಲಿ, ಗಾಜಿನ ಲೋಟ ಹುಲ್ಲಿಗೆ ತರಬಾರದು, ಬರಿಗಾಲಲ್ಲಿ ಓಡುವವರಿರುತ್ತಾರೆ. ಕಾರು ಓಡಿಸಿಕೊಂಡು ವಾಪಸ್ ಹೋಗುವವರ ಕೈಗೆ ಮಜ್ಜಿಗೆಯೋ ಜಿಂಜರ್ ಏಲೋ, ಅಷ್ಟೇ. ಇದಕ್ಕೆ ನನ್ನ ಗೆಳೆಯರು ಯಾರೂ ಇದುವರೆಗೆ ಮುಖ ಸಿಂಡರಿಸಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಆಟಕ್ಕಾದರೆ ಪೂರ್ತಿ ಐದು, ಕಳೆದದ್ದೆಲ್ಲ ಆ ಮೊಳೆಗೆ ಮತ್ತು ಆ ಹಾಳೆಗೆ. ಕೊಳ್ಳುವುದಾದರೆ ಕೋಲು ಒಂದೇ ತುಂಡಾಗಿ ಬರುವ, ಮೊಳೆ ದಪ್ಪ ಇರುವ ಸೆಟ್ ಹುಡುಕಿ, ಹತ್ತು ಡಾಲರ್ ಜಾಸ್ತಿಯಾದರೂ ಪರವಾಗಿಲ್ಲ.