ಸೇಬು ಬೇಯಿಸಲು ಏರ್ ಫ್ರೈಯರ್ ಸಾಕೇ? ನಾಲ್ಕು ಬಗೆಯಲ್ಲಿ ಮಾಡಿ ನೋಡಿದ ಹೋಲಿಕೆ

ಅತ್ತೆಯವರಿಗೆ ಕಟ್ಟಿಸಿದ ಹೊಸ ಹಲ್ಲುಗಳು ಇನ್ನೂ ಹೊಂದಿಕೊಂಡಿರಲಿಲ್ಲ. ಗದಗಿನಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೊದಲ ವಾರ ಹಣ್ಣಿನ ಗಾಡಿಯ ಮುಂದೆ ನಿಂತು ಒಂದು ಸೇಬನ್ನು ಎತ್ತಿ, ಮೂಸಿ ನೋಡಿ, ಮರಳಿ ಅಲ್ಲಿಯೇ ಇಟ್ಟುಬಿಟ್ಟರು. ತುರಿದು ಕೊಡುತ್ತೇನೆ ಎಂದರೆ, "ಕೂಸಿಗೆ ತಿನ್ನಿಸಿದ ಹಾಗೆ ನನಗೆ ತಿನ್ನಿಸಬೇಡ" ಎಂದರು. ಹಣ್ಣು ಇಡಿಯಾಗಿಯೇ ಬಟ್ಟಲಲ್ಲಿ ಕೂತಿರಬೇಕು, ಚಮಚ ಇಟ್ಟರೆ ಒಳಗಿಳಿಯಬೇಕು. ಅಂಥ ಸೇಬನ್ನು ಹುಡುಕುತ್ತ ಅಕ್ಟೋಬರ್ ತಿಂಗಳಲ್ಲಿ ಮೂವತ್ತರ ಹತ್ತಿರ ಸೇಬು ಬೇಯಿಸಿದ್ದೇನೆ. ಏರ್ ಫ್ರೈಯರ್, ಓಟಿಜಿ ಎನ್ನುವ ಕರೆಂಟಿನ ಓವನ್, ಮೈಕ್ರೋವೇವ್, ದಪ್ಪ ತಳದ ಬಾಣಲೆ, ಈ ನಾಲ್ಕರಲ್ಲಿಯೂ.

ನಮ್ಮ ಏರ್ ಫ್ರೈಯರ್ 4 ಲೀಟರಿನದು, 1500 ವ್ಯಾಟ್. ಓಟಿಜಿ ನಮ್ಮದಲ್ಲ, ಕೆಳಮನೆಯ ಬೆಳಗಾವಿ ವೈನಿಯದು, 28 ಲೀಟರಿನ ದೊಡ್ಡ ಪೆಟ್ಟಿಗೆ. ಇಂಥ ಯಂತ್ರಗಳನ್ನು 6 ಆಂಪಿಯರ್‌ನ ಸಣ್ಣ ಸಾಕೆಟ್ಟಿಗೆ ಹಾಕುವಂತಿಲ್ಲ, 16 ಆಂಪಿಯರ್‌ನದೇ ಬೇಕು. ನಮ್ಮ ಅಡುಗೆಮನೆಯಲ್ಲಿ ಅಂಥದ್ದು ಒಂದೇ ಇದೆ. ಹಾಗಾಗಿ ಓಟಿಜಿಯ ಪ್ರಯೋಗವೆಲ್ಲ ವೈನಿಯ ಮನೆಯಲ್ಲಿಯೇ ನಡೆಯಿತು, ಎರಡೂ ಮನೆಯ ಸೇಬುಗಳನ್ನು ಬಿಸಿ ಇರುವಾಗಲೇ ಒಂದೇ ಮೇಜಿನ ಮೇಲಿಟ್ಟು ರುಚಿ ನೋಡಿದೆವು.

ಹೋಲಿಕೆ ನ್ಯಾಯವಾಗಿರಲೆಂದು ಹೂರಣವನ್ನು ಎಲ್ಲಕ್ಕೂ ಒಂದೇ ಇಟ್ಟೆ. ಸುಮಾರು 180 ಗ್ರಾಂ ತೂಗುವ ಸೇಬಿಗೆ ಒಂದು ಚಮಚ ಪುಡಿ ಮಾಡಿದ ಕೊಲ್ಲಾಪುರದ ಬೆಲ್ಲ, ಅರ್ಧ ಚಮಚ ತುಪ್ಪ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದ ಏಳೆಂಟು ಒಣದ್ರಾಕ್ಷಿ, ಒಂದು ಅಕ್ರೋಟಿನ ಚೂರು, ಚಿಟಿಕೆ ದಾಲ್ಚಿನ್ನಿ ಪುಡಿ, ನಾಲ್ಕು ಹನಿ ನಿಂಬೆರಸ. ಸೇಬಿನ ನಡುವಿನ ಬೀಜದ ಗೂಡನ್ನು ಚಿಕ್ಕ ಚಾಕುವಿನಿಂದ ಸುತ್ತ ಕೊರೆದು ಟೀ ಚಮಚದಿಂದ ಎತ್ತಿ ತೆಗೆಯುತ್ತೇನೆ. ತಳದಲ್ಲಿ ಒಂದು ಬೆರಳಿನ ದಪ್ಪ ಬಿಡಲೇಬೇಕು. ತೂತು ಆಚೆ ಬಂದರೆ ಕರಗಿದ ಬೆಲ್ಲವೆಲ್ಲ ಸೋರಿಹೋಗುತ್ತದೆ.

ಇನ್ನೊಂದು ಕೆಲಸವನ್ನು ಯಾವ ಒಲೆಯಾದರೂ ಬಿಡಬಾರದು. ಸೇಬಿನ ನಡುವಿಗೆ, ಉಡಿದಾರ ಕಟ್ಟಿದ ಹಾಗೆ, ಸಿಪ್ಪೆಯನ್ನು ಮಾತ್ರ ಚಾಕುವಿನಿಂದ ಸುತ್ತಲೂ ಗೀರಬೇಕು. ಸೇಬಿನ ತಿರುಳಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಗಾಳಿಯೇ ಇರುತ್ತದೆ. ನೀರಿಗೆ ಹಾಕಿದರೆ ಸೇಬು ತೇಲುವುದು ಅದಕ್ಕೇ. ಕಾಯಿಸಿದಾಗ ಆ ಗಾಳಿ ಹಿಗ್ಗುತ್ತದೆ, ತಿರುಳಿನ ನೀರು ಆವಿಯಾಗುತ್ತದೆ, ಎರಡೂ ಸೇರಿ ಸಿಪ್ಪೆಯನ್ನು ಒಳಗಿನಿಂದ ತಳ್ಳುತ್ತವೆ. ಗೀರಿದ್ದರೆ ಅಲ್ಲಿ ಬಾಯಿ ಬಿಟ್ಟುಕೊಂಡು ಹಣ್ಣು ನೆಟ್ಟಗೆ ನಿಲ್ಲುತ್ತದೆ. ಇಲ್ಲದಿದ್ದರೆ ಎಲ್ಲಿ ಬೇಕೆಂದರಲ್ಲಿ ಒಡೆದು ಒಂದು ಬದಿಗೆ ಕುಸಿಯುತ್ತದೆ.

ಏರ್ ಫ್ರೈಯರ್‌ನಲ್ಲಿ ಮೊದಲ ಸೇಬು ಕೆಟ್ಟಿತು. ಜಾಲರಿಯ ಮೇಲೆ ನೇರವಾಗಿ ಇಟ್ಟು, 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದೆ. ಮೇಲ್ಭಾಗ ಕಂದು ತಿರುಗಿ ಬಿರಿದಿತ್ತು, ದ್ರಾಕ್ಷಿ ಕರಿಯಾಗಿ ಕಹಿಯಾಗಿತ್ತು, ಬೆಲ್ಲ ಉಕ್ಕಿ ಜಾಲರಿಯಿಂದ ಕೆಳಗೆ ಸೋರಿ ತಳಕ್ಕೆ ಹತ್ತಿ ಹೊಗೆ ಎದ್ದಿತ್ತು. ಇಷ್ಟೆಲ್ಲ ಆದರೂ ತಳದ ಹತ್ತಿರ ಚಮಚ ಇಳಿಯಲಿಲ್ಲ. ಅತ್ತೆಯವರು ಮೇಲಿನ ಎರಡು ಚಮಚ ತಿಂದು, "ಹೊರಗೆ ಸುಟ್ಟಿದೆ, ಒಳಗೆ ಹಸಿ ಇದೆ" ಎಂದು ಬಟ್ಟಲು ಸರಿಸಿದರು.

ಕಾರಣ ಯಂತ್ರದ ಸ್ವಭಾವದಲ್ಲಿಯೇ ಇದೆ. ಕಾಯಿಸುವ ಸುರುಳಿ ಮೇಲ್ಗಡೆ, ಸೇಬಿನ ನೆತ್ತಿಯಿಂದ ನಾಲ್ಕು ಬೆರಳಿನ ದೂರದಲ್ಲಿ. ಅದರ ಮೇಲಿನ ಫ್ಯಾನು ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುತ್ತದೆ. ಆಲೂಗಡ್ಡೆಯ ಹೋಳುಗಳಿಗೆ ಇದು ಒಳ್ಳೆಯದು, ಮೈ ಬೇಗ ಒಣಗಿ ಗರಿಗರಿಯಾಗುತ್ತದೆ. ದುಂಡಗಿನ, ನೀರು ತುಂಬಿದ ಇಡೀ ಹಣ್ಣಿನ ನಡುವಿನವರೆಗೆ ಬಿಸಿ ಇಳಿಯಲು ಮಾತ್ರ ಹೊತ್ತು ಬೇಕು, ಅಷ್ಟರಲ್ಲಿ ಹೊರಮೈ ಒಣಗಿ ಮುಗಿದಿರುತ್ತದೆ. ಎಂದರೆ ಈ ಯಂತ್ರದಲ್ಲಿ ಸೇಬನ್ನು ಮೊದಲು ಗಾಳಿಯಿಂದ ಕಾಪಾಡಬೇಕು, ಕೊನೆಗೆ ಗಾಳಿಗೆ ಒಡ್ಡಬೇಕು.

ಹಾಗೆ ಮಾಡಿದಾಗ ಫಲ ಸಿಕ್ಕಿತು. ಸೇಬನ್ನು ಅದರ ಅರ್ಧದವರೆಗೆ ಬರುವ ಸ್ಟೀಲ್ ಬಟ್ಟಲಿನಲ್ಲಿ ಕೂರಿಸಿ, ಬಟ್ಟಲಿಗೆ ಎರಡು ಚಮಚ ನೀರು ಹಾಕಿ, ಮೇಲೆ ಅಲ್ಯೂಮಿನಿಯಂ ಫಾಯಿಲನ್ನು ಅಂಚಿಗೆ ಬಿಗಿಯಾಗಿ ಮಡಚಿ ಮುಚ್ಚಿ, 160 ಡಿಗ್ರಿಯಲ್ಲಿ 16 ನಿಮಿಷ. ಆಮೇಲೆ ಫಾಯಿಲ್ ತೆಗೆದು ಬಟ್ಟಲಿನ ರಸವನ್ನು ಒಂದು ಸಲ ಹಣ್ಣಿನ ಮೇಲೆ ಸುರಿದು, 180ರಲ್ಲಿ 6 ನಿಮಿಷ. ಆರಿಸಿದ ಮೇಲೂ ಐದು ನಿಮಿಷ ಒಳಗೇ ಬಿಡುತ್ತೇನೆ, ತಳ ಮೆತ್ತಗಾಗುವುದು ಆ ಐದು ನಿಮಿಷದಲ್ಲಿಯೇ. ದ್ರಾಕ್ಷಿಯನ್ನು ಹೂರಣದ ಅಡಿಗೆ ಹಾಕಿ ಮೇಲೆ ಅಕ್ರೋಟಿನ ಮುಚ್ಚಳ ಮಾಡಿದರೆ ಕಹಿಯಾಗುವುದಿಲ್ಲ. ಬೇಕಿಂಗ್ ಕಾಗದವನ್ನು ಮಾತ್ರ ಸಡಿಲವಾಗಿ ಹಾಕಬೇಡಿ. ಒಮ್ಮೆ ಫ್ಯಾನಿನ ಗಾಳಿಗೆ ಅದು ಮೇಲೆದ್ದು ಸುರುಳಿಗೆ ತಾಗಿ ಅಂಚು ಕರಕಲಾಯಿತು, ಪುಣ್ಯಕ್ಕೆ ಎದುರಿಗೇ ನಿಂತಿದ್ದೆ.

ಓಟಿಜಿಯದು ಬೇರೆಯದೇ ನಡಿಗೆ. ಖಾಲಿ ಪೆಟ್ಟಿಗೆ 180 ಡಿಗ್ರಿಗೆ ಕಾಯಲು ಹತ್ತು ಹದಿನೈದು ನಿಮಿಷ, ಮತ್ತೆ ಬೇಯಲು ನಲವತ್ತರಿಂದ ನಲವತ್ತೈದು. ತಟ್ಟೆಯಲ್ಲಿ ಅರ್ಧ ಕಪ್ ನೀರು, ನಡುನಡುವೆ ಎರಡು ಸಲ ಬಾಗಿಲು ತೆರೆದು ರಸವನ್ನು ಮೇಲೆ ಸುರಿಯುವುದು, ಅಷ್ಟೇ. ಫಾಯಿಲ್ ಬೇಕಿಲ್ಲ. ಬಿಸಿ ಮೇಲೆ ಕೆಳಗೆ ಎರಡೂ ಕಡೆಯಿಂದ ನಿಧಾನವಾಗಿ ಬರುವುದರಿಂದ ಹಣ್ಣು ತಳದಿಂದ ನೆತ್ತಿಯವರೆಗೆ ಒಂದೇ ಹದದಲ್ಲಿ ಬೇಯುತ್ತದೆ. ಸಿಪ್ಪೆ ನೆರಿಗೆಗಟ್ಟಿ ಮೆತ್ತಗೆ ಮೈಗಂಟಿಕೊಂಡಿರುತ್ತದೆ. ಎಲ್ಲಕ್ಕಿಂತ ಮುಖ್ಯ, ತಟ್ಟೆಯಲ್ಲಿ ಇಳಿದ ರಸ ಬೆಲ್ಲದೊಂದಿಗೆ ಕುದ್ದು ಕಾಕಂಬಿಯಂತೆ ಗಟ್ಟಿಯಾಗಿರುತ್ತದೆ. ಏರ್ ಫ್ರೈಯರ್‌ನಲ್ಲಿ ಆ ರಸ ಎಷ್ಟು ಮಾಡಿದರೂ ತೆಳ್ಳಗೇ ಉಳಿಯುತ್ತದೆ. ಇದೊಂದರಲ್ಲಿ ಓಟಿಜಿಗೆ ಸಾಟಿಯಿಲ್ಲ ಎಂದು ಎರಡು ಮಾತಿಲ್ಲದೆ ಹೇಳುತ್ತೇನೆ. ವೈನಿ ಆರು ಸೇಬನ್ನು ಒಟ್ಟಿಗೆ ಇಟ್ಟು ತೆಗೆದ ಸಂಜೆ ಮೆಟ್ಟಿಲವರೆಗೆ ದಾಲ್ಚಿನ್ನಿಯ ಪರಿಮಳ ಹರಡಿತ್ತು.

ಆದರೆ ಒಂದು ಸೇಬಿಗಾಗಿ ಅಷ್ಟು ದೊಡ್ಡ ಪೆಟ್ಟಿಗೆ ಕಾಯಿಸಲು ಮನಸ್ಸು ಬರುವುದಿಲ್ಲ. ಮಳೆ ಹಿಂದೆ ಸರಿದು ಮುಂಬೈ ಬೇಯುವ ಅಕ್ಟೋಬರ್ ಬೇರೆ. ಒಂದು ಗಂಟೆ ಓಟಿಜಿ ಉರಿದ ಅಡುಗೆಮನೆಯಲ್ಲಿ ನಿಂತವರಿಗೆ ಅದರ ಕಷ್ಟ ಗೊತ್ತು. ಕರೆಂಟಿನ ಲೆಕ್ಕವೂ ಇದೆ. ನನ್ನ ಏರ್ ಫ್ರೈಯರ್ 22 ನಿಮಿಷ ಪೂರ್ತಿ ಉರಿದರೂ ಅರ್ಧ ಯೂನಿಟ್‌ನ ಆಸುಪಾಸು. ವೈನಿಯ 1600 ವ್ಯಾಟ್‌ನ ಓಟಿಜಿ ಒಂದು ಗಂಟೆಗೆ, ನಡುವೆ ತಾನೇ ಆರಿ ಹೊತ್ತಿಕೊಳ್ಳುವುದನ್ನು ಕಳೆದರೂ, ಅದಕ್ಕಿಂತ ಹೆಚ್ಚೇ ಎಳೆಯುತ್ತದೆ. ಆರು ಸೇಬಾದರೆ ಲೆಕ್ಕ ತಿರುಗುತ್ತದೆ, ಏಕೆಂದರೆ ನನ್ನ ಬುಟ್ಟಿಯಲ್ಲಿ ಎರಡಕ್ಕಿಂತ ಹೆಚ್ಚು ಬಟ್ಟಲು ಹಿಡಿಯುವುದಿಲ್ಲ, ಮೂರು ಸರತಿ ಓಡಿಸಬೇಕು.

ಮೈಕ್ರೋವೇವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಿದ ಗಾಜಿನ ಬಟ್ಟಲಲ್ಲಿ ನಾಲ್ಕೈದು ನಿಮಿಷಕ್ಕೆ ಹಣ್ಣು ಮೆತ್ತಗಾಗುತ್ತದೆ, ನಿಜ. ಮೇಲ್ಮೈ ಕೆಂಪಾಗುವುದಿಲ್ಲ, ಬೆಲ್ಲ ಕರಗುತ್ತದೆ ಹೊರತು ಪಾಕವಾಗುವುದಿಲ್ಲ, ತಿಂದರೆ ನೀರಿನಲ್ಲಿ ಬೇಯಿಸಿದ ಹಣ್ಣಿನ ರುಚಿ. ಬೆಳಗ್ಗೆ ಏಳೂವರೆಯ ಲೋಕಲ್ ಹಿಡಿಯುವ ಮೊದಲು ಹಿರಿಯರಿಗೆ ಏನಾದರೂ ಮೆತ್ತಗಿನದು ಕೊಟ್ಟು ಹೊರಡಬೇಕೆಂದರೆ ಆಗಬಹುದು.

ಬಾಣಲೆ ನನಗೆ ಅಚ್ಚರಿ ತಂದಿತು. ಸೇಬನ್ನು ಎರಡು ಹೋಳು ಮಾಡಿ ಬೀಜ ತೆಗೆದು, ತುಪ್ಪ ಸವರಿದ ದಪ್ಪ ಬಾಣಲೆಯಲ್ಲಿ ಕೊಯ್ದ ಮುಖ ಕೆಳಗಾಗಿ ಇಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೆಂಟು ನಿಮಿಷ. ಬೆಲ್ಲವನ್ನು ಕೊನೆಯ ಮೂರು ನಿಮಿಷಕ್ಕೆ ಹಾಕಬೇಕು, ಮೊದಲೇ ಹಾಕಿದರೆ ಸೀದುಹೋಗುತ್ತದೆ. ಕೆಳಮುಖ ಹೊಂಬಣ್ಣಕ್ಕೆ ತಿರುಗುತ್ತದೆ, ಮೇಲ್ಭಾಗ ತನ್ನದೇ ಆವಿಯಲ್ಲಿ ಬೇಯುತ್ತದೆ. ಯಂತ್ರವಿಲ್ಲದ ಮನೆಯವರು ಯಾವ ಕೊರತೆಯನ್ನೂ ಭಾವಿಸಬೇಕಿಲ್ಲ. ರುಚಿಯಲ್ಲಿ ಇದನ್ನು ಏರ್ ಫ್ರೈಯರ್‌ಗಿಂತ ಒಂದು ಕೂದಲೆಳೆ ಮೇಲೆಯೇ ಇಡುತ್ತೇನೆ. ಆದರೆ ಇಡೀ ಹಣ್ಣು ಬಟ್ಟಲಲ್ಲಿ ಕೂರುವ ಚೆಲುವು ಇಲ್ಲ, ಅತ್ತೆಯವರಿಗೆ ಬೇಕಿದ್ದುದು ಅದೇ.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ತಿಳಿದದ್ದು, ಒಲೆಗಿಂತ ಸೇಬಿನ ಜಾತಿಯೇ ಹೆಚ್ಚು ನಿರ್ಧರಿಸುತ್ತದೆ ಎಂಬುದು. ಇಲ್ಲಿ ಗಾಡಿಯವರು ಮರಾಠಿಯಲ್ಲಿ ಸಫರಚಂದ ಎನ್ನುತ್ತಾರೆ, ನಾವು ಸೇಬು ಎನ್ನುತ್ತೇವೆ, ಆದರೆ ಜಾತಿ ಕೇಳಿ ಕೊಳ್ಳುವ ರೂಢಿ ಎರಡೂ ಕಡೆ ಕಡಿಮೆ. ಮಾವಿನ ಹಣ್ಣಿಗೆ ಹಾಪುಸ್ಸೇ ಪಾಯರಿಯೇ ಎಂದು ಕೇಳುವ ನಾವು ಸೇಬಿಗೆ ಕೆಂಪಗಿದೆಯೇ ಎಂದಷ್ಟೇ ನೋಡುತ್ತೇವೆ.

ಆ ಕೆಂಪೇ ಮೋಸ ಮಾಡುವುದು. ಶಿಮ್ಲಾದ ಸೇಬು ಎಂದು ಬರುವುದರಲ್ಲಿ ಬಹುಪಾಲು ಡೆಲಿಷಿಯಸ್ ಮನೆತನದ್ದು. ಅಮೆರಿಕದಿಂದ ಬಂದು ಇಲ್ಲಿಯವರೇ ಆಗಿ ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಕೋಟಗಢದಲ್ಲಿ ನೆಟ್ಟ ಆ ತಳಿ ಹಿಮಾಚಲದ ಬೆಟ್ಟಗಳ ಬದುಕನ್ನೇ ಬದಲಿಸಿತು, ಅದರ ಮೇಲೆ ನನಗೆ ಗೌರವವಿದೆ. ಹಸಿಯಾಗಿ ತಿನ್ನಲು ಸೊಗಸು. ಬೇಯಿಸಿದರೆ ಹುಳಿ ಇಲ್ಲದ ಕಾರಣ ಬೆಲ್ಲದೊಂದಿಗೆ ಬರೀ ಸಿಹಿಯಾಗುತ್ತದೆ, ತಿರುಳು ಹಿಟ್ಟುಹಿಟ್ಟಾಗುತ್ತದೆ. ಓಟಿಜಿಯಲ್ಲಿಯೂ ಅಷ್ಟೇ, ಏರ್ ಫ್ರೈಯರ್‌ನಲ್ಲಿಯೂ ಅಷ್ಟೇ. ಅದನ್ನೇ ಬಳಸಬೇಕಾದರೆ ಬೆಲ್ಲವನ್ನು ಅರ್ಧಕ್ಕಿಳಿಸಿ ನಿಂಬೆರಸವನ್ನು ಒಂದು ಚಮಚಕ್ಕೆ ಏರಿಸಿ, ಏರ್ ಫ್ರೈಯರ್‌ನಲ್ಲಿ ಮೂರು ನಿಮಿಷ ಮೊದಲೇ ತೆಗೆಯಿರಿ.

ಹೊರದೇಶದಿಂದ ಬರುವ ಹಸಿರು ಗ್ರ್ಯಾನಿ ಸ್ಮಿತ್ ಇದಕ್ಕೆ ತದ್ವಿರುದ್ಧ. ನಾನು ಕೊಂಡ ದಿನ ಕೆಂಪಿನ ಹೆಚ್ಚುಕಡಿಮೆ ಎರಡರಷ್ಟು ಬೆಲೆ. ಆದರೆ ಅದರ ಹುಳಿ ಬೆಲ್ಲವನ್ನು ಹಿಡಿದು ನಿಲ್ಲಿಸುತ್ತದೆ, ಏರ್ ಫ್ರೈಯರ್‌ನ ಜೋರು ಗಾಳಿಗೂ ಆಕಾರ ಬಿಡುವುದಿಲ್ಲ. ಮೇಲೆ ಮೇಣದ ಲೇಪವಿರುತ್ತದೆ, ಸ್ಟಿಕರ್ ಕಿತ್ತು ಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆದು ಒರೆಸಬೇಕು. ಹಳದಿಯ ಗೋಲ್ಡನ್ ಡೆಲಿಷಿಯಸ್ ಇವೆರಡರ ನಡುವಿನದು. ಹೆಸರು ಕೇಳಿ ಕೆಂಪಿನ ತಂಗಿ ಎಂದುಕೊಳ್ಳಬೇಡಿ, ಅದು ಬೇರೆಯದೇ ತಳಿ. ಬೆಂದಾಗ ಬೆಣ್ಣೆಯಂತಾದರೂ ಕುಸಿಯುವುದಿಲ್ಲ, ಸಿಪ್ಪೆ ತೆಳು. ಹಲ್ಲಿನ ತೊಂದರೆ ಇರುವವರಿಗೆ ಸಿಪ್ಪೆಯೇ ನಿಜವಾದ ಅಡ್ಡಿ. ಗ್ರ್ಯಾನಿ ಸ್ಮಿತ್‌ನ ಸಿಪ್ಪೆಯನ್ನು ಅತ್ತೆಯವರು ಪ್ರತಿಸಲ ಬಟ್ಟಲಲ್ಲಿ ಬಿಟ್ಟರು, ಗೋಲ್ಡನ್ನಿನದನ್ನು ಬಿಡಲಿಲ್ಲ. ವೈನಿಗೆ ಇಂದಿಗೂ ಹಸಿರೇ ಮೇಲು, ನನ್ನ ಮಟ್ಟಿಗೆ ಹಳದಿಯೇ.

ಹಣ್ಣಿನ ವಯಸ್ಸನ್ನೂ ನೋಡಿ. ಹಿಮಾಚಲದ ಸುಗ್ಗಿ ಜುಲೈನಿಂದ, ಕಾಶ್ಮೀರದ್ದು ಅದರ ಬೆನ್ನಿಗೆ. ಫೆಬ್ರುವರಿ ಮಾರ್ಚಿನಲ್ಲಿ ಸಿಗುವ ನಮ್ಮ ದೇಶದ ಸೇಬು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಕೂತದ್ದು. ಕಿತ್ತ ಮೇಲೂ ಸೇಬು ಉಸಿರಾಡುತ್ತಲೇ ಇರುತ್ತದೆ, ಹಾಗೆ ಉಸಿರಾಡುತ್ತ ತನ್ನ ಹುಳಿಯನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ. ಅಂಥದ್ದಕ್ಕೆ ಮೇಲೆ ಹೇಳಿದ ನಿಂಬೆಯ ಲೆಕ್ಕವೇ ಸರಿ.

ಈಗ ನಮ್ಮ ಮನೆಯಲ್ಲಿ ವಾರದ ದಿನ ಗೋಲ್ಡನ್ ಸೇಬು, ಏರ್ ಫ್ರೈಯರ್. ಭಾನುವಾರ ಎರಡೂ ಮನೆ ಸೇರಿದರೆ ವೈನಿಯ ಓಟಿಜಿ. ಒಮ್ಮೊಮ್ಮೆ ಎರಡು ಮಾಡಿ ಒಂದನ್ನು ಫ್ರಿಜ್ಜಿನಲ್ಲಿಡುತ್ತೇನೆ. ಮರುದಿನ 150 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಸಾಕು. ಅತ್ತೆಯವರು ಅದಕ್ಕೂ ಒಪ್ಪುವುದಿಲ್ಲ, ತಣ್ಣಗಿರುವುದನ್ನೇ ಕೇಳುತ್ತಾರೆ. ಶ್ರೀಖಂಡಕ್ಕೆಂದು ಡೇರಿಯಲ್ಲಿ ಮಾರುವ ಚಕ್ಕಾವನ್ನು, ಎಂದರೆ ನೀರು ಬಸಿದ ಗಟ್ಟಿ ಮೊಸರನ್ನು, ಎರಡು ಚಮಚ ಪಕ್ಕದಲ್ಲಿ ಹಾಕಿಸಿಕೊಂಡು, ಬಟ್ಟಲಿನ ತಳದಲ್ಲಿ ಹೆಪ್ಪುಗಟ್ಟಿದ ಬೆಲ್ಲದ ರಸವನ್ನು ಅದರ ಮೇಲೆ ಎಳೆದುಕೊಂಡು, ಕಿಟಕಿಯ ಬಳಿ ಕೂತು ನಿಧಾನವಾಗಿ ತಿನ್ನುತ್ತಾರೆ.