ಕಖೇತಿಯ ಒಗರು, ಇಮೆರೇತಿಯ ಹುಳಿ: ಐದು ಅಪರೂಪದ ವೈನ್‌ಗಳ ಹೋಲಿಕೆ

ಮೂರು ಆರೆಂಜ್, ಎರಡು ವೈಟ್. ಐದೂ ಬಾಟಲಿಗಳನ್ನು ಒಂದೇ ಸಂಜೆ ತೆರೆದು, ಮೂರು ದಿನ ಸ್ವಲ್ಪ ಸ್ವಲ್ಪವೇ ಕುಡಿದು ನೋಡಿದೆ. ಮೊದಲ ಗುಟುಕಿಗೇ ತೀರ್ಪು ಕೊಟ್ಟಿದ್ದರೆ ಪೂರ್ತಿ ತಪ್ಪುತ್ತಿದ್ದೆ.

ಆರೆಂಜ್ ವೈನ್‌ಗೂ ಕಿತ್ತಳೆ ಹಣ್ಣಿಗೂ ಯಾವ ನಂಟೂ ಇಲ್ಲ. ಬಿಳಿ ದ್ರಾಕ್ಷಿ ಹಿಂಡಿ ಬರೀ ರಸವನ್ನು ಹುದುಗಿಸಿದರೆ ವೈಟ್ ವೈನ್. ಸಿಪ್ಪೆಯ ಜೊತೆಗೇ ಹುದುಗಲು ಬಿಟ್ಟರೆ ಬಣ್ಣ, ಒಗರು ಎರಡೂ ರಸಕ್ಕೆ ಇಳಿಯುತ್ತವೆ. ಎಷ್ಟು ಸಿಪ್ಪೆ, ಎಷ್ಟು ದಿನ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದು ಗೊತ್ತಾಗಬೇಕಾದರೆ ಜಾರ್ಜಿಯಾದ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ಕುಡಿಯಬೇಕು.

ಎರಡೂ ಕ್ವೆವ್ರಿಯಲ್ಲಿ ಮಾಡಿದವು. ಕ್ವೆವ್ರಿ ಎಂದರೆ ಕತ್ತಿನವರೆಗೂ ನೆಲದಲ್ಲಿ ಹೂತ, ಒಳಗೆ ಜೇನುಮೇಣ ಸವರಿದ ದೊಡ್ಡ ಮಣ್ಣಿನ ಗುಡಾಣ. ಈ ವಿಧಾನವನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶದ ಪೂರ್ವಕ್ಕಿರುವ ಕಖೇತಿಯಲ್ಲಿ ಸಿಪ್ಪೆ, ಬೀಜ, ತೊಟ್ಟು ಎಲ್ಲವನ್ನೂ ರಸದ ಜೊತೆ ಗುಡಾಣಕ್ಕೆ ಸುರಿದು ಐದಾರು ತಿಂಗಳು ಬಿಡುತ್ತಾರೆ. ಪಶ್ಚಿಮದ ಇಮೆರೇತಿಯಲ್ಲಿ ಹಾಕುವ ಸಿಪ್ಪೆ ಸುಮಾರು ಹತ್ತರಲ್ಲೊಂದು ಪಾಲು, ತೊಟ್ಟು ಸಾಮಾನ್ಯವಾಗಿ ಇಲ್ಲ.

ಮೊದಲು ಕಖೇತಿಯದು, ರ್ಕಾತ್ಸಿತೆಲಿ ಎಂಬ ದ್ರಾಕ್ಷಿಯ ವೈನ್. ದೀಪಕ್ಕೆ ಹಿಡಿದೆ: ಕಡುಚಹಾದ ಬಣ್ಣ, ಅಂಚಿನಲ್ಲಿ ತಾಮ್ರದ ಹೊಳಪು. ಮೂಗಿಗೆ ಒಣ ಏಪ್ರಿಕಾಟ್, ಅಕ್ರೋಟಿನ ಸಿಪ್ಪೆ. ಬಾಯಿಗೆ ಹಾಕಿದ ಮೇಲೆ ಹಣ್ಣು ಬೇಗ ಹಿಂದೆ ಸರಿದು, ಮೇಲ್ದುಟಿಯ ಒಳಭಾಗ ಹಲ್ಲಿಗೆ ಅಂಟಿಕೊಳ್ಳುವಷ್ಟು ಒಗರು. ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದದ್ದು ನನ್ನದೇ ತಪ್ಪು. ತಣ್ಣಗಿದ್ದಾಗ ಒಗರು ಎದ್ದು ಕಾಣುತ್ತದೆ, ಘಮ ಮುದುಡಿಕೊಳ್ಳುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಹೆಚ್ಚುಕಡಿಮೆ 15 ಡಿಗ್ರಿಗೆ ಬಂದ ಮೇಲೆ ಸುರಿದುಕೊಂಡರೆ ಬೇರೆ ಬಾಟಲಿಯೇನೋ ಅನ್ನಿಸಿತು. ಆರೆಂಜ್ ವೈನನ್ನು ವೈಟ್‌ನಂತಲ್ಲ, ರೆಡ್‌ನಂತೆ ನೋಡಿಕೊಳ್ಳಬೇಕು. ಕೆಲವರು ಒಂದೇ ಗುಟುಕಿಗೆ ಇದನ್ನು ಬೇಡವೆನ್ನುವುದು ಈ ತಣುಪಿನಿಂದಲೇ ಎಂದು ನನ್ನ ಗಟ್ಟಿ ನಂಬಿಕೆ.

ಇಮೆರೇತಿಯದು ತ್ಸೊಲಿಕೌರಿ ದ್ರಾಕ್ಷಿಯ ವೈನ್, ತಿಳಿಚಿನ್ನದ ಬಣ್ಣ. ಒಗರು ಇದೆ, ಆದರೆ ನಾಲಿಗೆಯ ಬದಿಯಲ್ಲಿ ಗೆರೆ ಎಳೆದಷ್ಟೇ. ಹುಳಿ ಮುಂದಾಳು, ಪೇರುಹಣ್ಣಿನ ರುಚಿ ಅದರ ಹಿಂದೆ. ಆರೆಂಜ್ ವೈನ್ ಇದುವರೆಗೆ ಕುಡಿಯದವರಿಗೆ ನಾನು ಕೊಡುವುದು ಇದನ್ನೇ. ಮೊದಲ ದಿನ ಐದರಲ್ಲೂ ನನಗೆ ಇದೇ ಇಷ್ಟವಾಗಿತ್ತು.

ಮೂರನೆಯದು ಇಟಲಿ–ಸ್ಲೊವೇನಿಯಾ ಗಡಿಯ ಓಸ್ಲಾವಿಯಾದ ರಿಬೊಲ್ಲಾ ಜಾಲ್ಲಾ. ಇಲ್ಲಿನ ವೈನ್ ತಯಾರಕ ಯೋಷ್ಕೊ ಗ್ರಾವ್ನರ್ 2000ದಲ್ಲಿ ಜಾರ್ಜಿಯಾಕ್ಕೆ ಹೋಗಿ ಬಂದು, ಮರುವರ್ಷವೇ ಗುಡಾಣಗಳಲ್ಲಿ ಹುದುಗಿಸಲು ಶುರುಮಾಡಿದರು. ದಪ್ಪ ಸಿಪ್ಪೆಯ ಈ ದ್ರಾಕ್ಷಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ನಾನು ಕುಡಿದದ್ದು ಅದೇ ಊರಿನ ಬೇರೊಬ್ಬರದು. ರ್ಕಾತ್ಸಿತೆಲಿಯ ಪಕ್ಕದಲ್ಲಿ ಇದರ ಒಗರು ನಯವಾಗಿದೆ, ರುಚಿ ಬಾಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಎರಡನೇ ದಿನದ ಹೊತ್ತಿಗೆ ಸ್ವಲ್ಪ ಸೊರಗಿತ್ತು.

ವೈಟ್‌ಗಳಲ್ಲಿ ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಸ್ಸಿರ್ತಿಕೊ ಚೆನ್ನಾಗಿತ್ತು. ನಿಂಬೆ, ಉಪ್ಪು, ಚುರುಕು. ಗಾಳಿಯ ಹೊಡೆತ ತಪ್ಪಿಸಲು ಬಳ್ಳಿಯನ್ನೇ ಬುಟ್ಟಿಯಂತೆ ನೆಲದ ಮೇಲೆ ಹೆಣೆದು ಬೆಳೆಸಿದ ದ್ರಾಕ್ಷಿ ಅದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹಂಗರಿಯ ಶೋಮ್ಲೋದ ಯುಹ್‌ಫಾರ್ಕ್. ಹೆಸರಿನ ಅರ್ಥ ಕುರಿಬಾಲ. ಗೊಂಚಲು ಉದ್ದವಾಗಿ, ತುದಿಯಲ್ಲಿ ಬಾಗಿ ಹಾಗೆಯೇ ಕಾಣುತ್ತದಂತೆ. ಶೋಮ್ಲೋ ಆರಿದ ಜ್ವಾಲಾಮುಖಿಯ ಬೆಟ್ಟ, ತಳಕ್ಕೆ ಬಸಾಲ್ಟ್ ಕಲ್ಲು. ಈ ವೈನಿನಲ್ಲಿ ಹಣ್ಣು ಹುಡುಕಬೇಡಿ. ಮೊದಲ ಮಳೆಗೆ ನೆನೆದ ಕಲ್ಲಿನ ವಾಸನೆ, ಸಣ್ಣ ಹೊಗೆ, ಹರಿತವಾದ ಹುಳಿ. ಅಸ್ಸಿರ್ತಿಕೊಗಿಂತ ಮೈ ತುಂಬಿಕೊಂಡಿದೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ.

ಮೂರನೇ ದಿನ ಅಸ್ಸಿರ್ತಿಕೊ ಸಪ್ಪೆಯಾಗಿತ್ತು, ತ್ಸೊಲಿಕೌರಿಯ ಹುಳಿಯ ಚುರುಕು ತಗ್ಗಿತ್ತು, ಯುಹ್‌ಫಾರ್ಕ್ ಅಲುಗಾಡದೆ ನಿಂತಿತ್ತು. ರ್ಕಾತ್ಸಿತೆಲಿಯ ಬಾಟಲಿಯಲ್ಲಿ ಉಳಿದದ್ದು ಅರ್ಧ ಗ್ಲಾಸ್, ತಳದಲ್ಲಿ ಸಣ್ಣ ಗಸಿ. ಒಗರು ಮೆತ್ತಗಾಗಿ, ಮೊದಲ ದಿನ ಅವಿತುಕೊಂಡಿದ್ದ ಕಿತ್ತಳೆ ಸಿಪ್ಪೆ, ಜೇನು, ಒಣಹುಲ್ಲು ಒಂದೊಂದಾಗಿ ಹೊರಬಂದಿದ್ದವು. ಇನ್ನೊಂದು ಬಾಟಲಿ ತಂದಿಟ್ಟಿದ್ದೇನೆ. ಅದನ್ನು ಕುಡಿಯುವ ಹಿಂದಿನ ದಿನವೇ ತೆರೆದಿಡುತ್ತೇನೆ.